ಮನೆಗೇ ಬಂದು ಡ್ರಿಪ್ ಹಾಕುವ ಹೋಂ ನರ್ಸಿಂಗ್ ಸರ್ವಿಸ್: ಮೆಲಿಯಾಯ್ಡೋಸಿಸ್ ಆದ ಯಜಮಾನ್ರಿಗೆ ತಗೊಂಡ ಅನುಭವ

ಉಡುಪಿ ಕಡೆ ಮನೆಗೆ ನರ್ಸ್ ಕಳಿಸುವ ಏಜೆನ್ಸಿ ಈಗ ಸುಮಾರು ಉಂಟು, ನಾವು ತಗೊಂಡದ್ದು ಅದರಲ್ಲಿ ಒಂದರ ಐವಿ ಪ್ಯಾಕೇಜ್. ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ನಾಲ್ಕೂ ನಮಗೆ ಬಂದ ಸಿಸ್ಟರಿಗೆ, ಕಟ್ ಮಾಡಿದ ಒಂದು ಆಫೀಸಿನವರ ಲೆಕ್ಕಕ್ಕೆ. ಸ್ವಲ್ಪ ಉದ್ದ ಆಗ್ತದೆ, ಆದ್ರೆ ಮನೆಯಲ್ಲಿ ಇಂಥ ಪೇಶೆಂಟ್ ಇಟ್ಕೊಂಡವರು ದಯವಿಟ್ಟು ಪೂರ್ತಿ ಓದಿ.

ಯಜಮಾನ್ರಿಗೆ ಆದದ್ದು ಮೆಲಿಯಾಯ್ಡೋಸಿಸ್. ಮೊದಲೇ ಶುಗರ್, ಮಳೆಗೆ ಗದ್ದೆಗೆ ಇಳಿದದ್ದು, ಕಾಲಲ್ಲಿ ಒಂದು ಸಣ್ಣ ಗಾಯ, ಅಷ್ಟೇ. ಮಣ್ಣಲ್ಲಿ ನೀರಲ್ಲಿ ಇರುವ ಬ್ಯಾಕ್ಟೀರಿಯಾ ಇದು, ನಮ್ಮ ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ಕೇಸ್ ಜಾಸ್ತಿ ಆಗ್ತದೆ, ಶುಗರ್ ಇದ್ದವರಿಗೆ ಬೇಗ ಹಿಡೀತದೆ. ಜ್ವರ, ಕೆಮ್ಮು, ತೂಕ ಇಳಿಯುದು ಎಲ್ಲ ನೋಡಿದ್ರೆ ಟಿಬಿ ತರವೇ ಕಾಣ್ತದೆ, ಇವರಿಗೂ ಮೊದಲು ತೋರಿಸಿದ ಕಡೆ ಟಿಬಿ ಮಾತ್ರೆ ಶುರು ಮಾಡುವ ಮಾತು ಬಂದಿತ್ತು, ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಬ್ಲಡ್ ಕಲ್ಚರ್ ಮಾಡಿದಾಗ ಗೊತ್ತಾಯ್ತು, ಸ್ಕ್ಯಾನಲ್ಲಿ ಲಿವರಲ್ಲೂ ಸ್ಪ್ಲೀನಲ್ಲೂ ಕೀವು. ಜ್ವರ ಇಳಿಲಿಕ್ಕೇ ವಾರದ ಮೇಲಾಯ್ತು, ಔಷಧಿ ಸರಿಯಾಗಿದ್ರೂ ಇದರಲ್ಲಿ ಹಾಗೇ ಅಂತೆ, ಅದು ಗೊತ್ತಿಲ್ಲದೆ ನಾನು ದಿನಾ ದೇವರಿಗೆ ಹರಕೆ ಹೊತ್ತದ್ದೇ ಹೊತ್ತದ್ದು. ಇನ್ನೊಂದು ಹೇಳ್ಬೇಕು, ಇದು ಒಬ್ಬರಿಂದ ಒಬ್ಬರಿಗೆ ಅಂಟುದು ತೀರಾ ಅಪರೂಪ, ಆದ್ರೂ ನೆಂಟರು ಅಂಗಳದಲ್ಲೇ ನಿಂತು ಮಾತಾಡಿ ಹೋದ್ರು, ಇವರಿಗೆ ಅದು ತುಂಬಾ ಬೇಜಾರಾಯ್ತು. ಸಿಸ್ಟರ್ ಬಂದು ಆರಾಮಾಗಿ ಮಂಚದ ಮೇಲೇ ಪಕ್ಕ ಕೂತು ಕೈ ಹಿಡಿದು ಮಾತಾಡಿಸಿದ ಮೇಲೆ ಅಕ್ಕಪಕ್ಕದವರ ಹೆದರಿಕೆ ಸ್ವಲ್ಪ ಹೋಯ್ತು.

ಟ್ರೀಟ್ಮೆಂಟ್ ಎರಡು ಹಂತ. ಮೊದಲು ಇಂಜೆಕ್ಷನ್, ಕಡಿಮೆ ಅಂದ್ರೆ 10-14 ದಿನ, ಒಳಗೆ ಕೀವು ಇದ್ರೆ ನಾಲ್ಕು ವಾರ, ಅದಕ್ಕಿಂತ ಜಾಸ್ತಿಯೂ ಆಗ್ತದೆ. ಆಮೇಲೆ ಕಡಿಮೆ ಅಂದ್ರೂ ಮೂರು ತಿಂಗಳು ಮಾತ್ರೆ, ಮಧ್ಯದಲ್ಲಿ ಬಿಟ್ರೆ ಕಾಯಿಲೆ ತಿರುಗಿ ಬರ್ತದೆ. ಅಷ್ಟು ದಿನ ಆಸ್ಪತ್ರೆಯಲ್ಲೇ ಕೂತ್ರೆ ಬಿಲ್ ಎಲ್ಲಿಗೆ ಹೋಗ್ತದೆ ಹೇಳಿ, ಮನೆಯಲ್ಲಿ ದನ ಉಂಟು, ಅತ್ತೆಗೆ ಕಣ್ಣು ಕಾಣುದಿಲ್ಲ. ಹಾಗಾಗಿ ತೋಳಿಗೆ ಪಿಕ್ ಲೈನ್ (ತೋಳಿನ ರಕ್ತನಾಳದ ಒಳಗೆ ಹಾಕುವ ಉದ್ದದ ತೆಳು ಟ್ಯೂಬ್, ಅದರಲ್ಲೇ ಔಷಧಿ ಕೊಡುದು) ಹಾಕಿ, ಉಳಿದ ಇಂಜೆಕ್ಷನ್ ಮನೆಯಲ್ಲಿ ಕೊಡಿಸಿ ಅಂತ ಡಾಕ್ಟ್ರು ಬರೆದು ಕೊಟ್ರು. ಸೆಫ್ಟಾಜಿಡಿಮ್ ಅನ್ನುವ ಆಂಟಿಬಯೋಟಿಕ್ 2 ಗ್ರಾಂ, 8 ಗಂಟೆಗೊಮ್ಮೆ, ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು.

ಈಗ ಸಿಸ್ಟರ್ ವಿಷ್ಯ. ಬಂದ ಕೂಡ್ಲೆ ಕೈ ತೊಳೀತಾರೆ, ಸೋಪು ಹಾಕಿ, ಉಗುರಿನ ಸಂದಿ ಸಮೇತ, ನಾನು ಕೊಟ್ಟ ಟವೆಲ್ ಮುಟ್ಟುದಿಲ್ಲ, ಅವರದ್ದೇ ಪೇಪರ್ ಟವೆಲ್. ಆಮೇಲೆ ಲೈನಿನ ತುದಿಯನ್ನು ಸ್ಪಿರಿಟ್ ಸ್ವ್ಯಾಬಲ್ಲಿ ಹದಿನೈದು ಸೆಕೆಂಡ್ ಗಸಗಸ ಉಜ್ಜಿ, ಒಣಗಲಿಕ್ಕೆ ಬಿಟ್ಟು, 10 ಎಂಎಲ್ ಸಿರಿಂಜಲ್ಲಿ ಸಲೈನ್ ಹೊಡೆದು ನೋಡಿ ಆಮೇಲೆಯೇ ಔಷಧಿ. ಈ ಪುಡಿಗೆ ನೀರು ಹಾಕಿದ ಕೂಡ್ಲೆ ಬಾಟಲಿ ಒಳಗೆ ಬುರುಬುರು ಗುಳ್ಳೆ ಏಳ್ತದೆ, ನಾನು ಔಷಧಿ ಹಾಳಾಯ್ತಾ ಅಂತ ಹೆದರಿದೆ, ಗ್ಯಾಸ್ ಬರುದು ಅದರ ಗುಣವೇ ಆಂಟಿ, ಸೂಜಿ ಹಾಕಿ ಗ್ಯಾಸ್ ಹೊರಗೆ ಬಿಟ್ಟು, ಗುಳ್ಳೆ ಎಲ್ಲ ಕೂತು ನೀರು ತಿಳಿಯಾದ ಮೇಲೆ ಎಳ್ದುಕೊಳ್ಬೇಕು ಅಂತ ಬೆಳಕಿಗೆ ಹಿಡಿದು ತೋರಿಸಿದ್ರು. ಇವರು ಸ್ನಾನಕ್ಕೆ ಹೋಗುವಾಗ ತೋಳಿಗೆ ಪ್ಲಾಸ್ಟಿಕ್ ಸುತ್ತುದು, ಆ ಕೈಯಲ್ಲಿ ಬಿಪಿ ನೋಡ್ಲಿಕ್ಕೆ ಬಿಡ್ಬಾರ್ದು, ಆ ಕೈಯಲ್ಲಿ ಭಾರ ಎತ್ಬಾರ್ದು, ಡ್ರೆಸ್ಸಿಂಗ್ ವಾರಕ್ಕೊಮ್ಮೆ ಚೇಂಜ್, ಒದ್ದೆ ಆದ್ರೆ ಅಥವಾ ಎದ್ದು ಬಂದ್ರೆ ಆವತ್ತೇ. ಲೈನಲ್ಲಿ ಔಷಧಿ ಹೋದ ಮೇಲೆ ನಡುಗಿ ಜ್ವರ ಬಂದ್ರೆ ನನಗೆ ಫೋನ್ ಮಾಡ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಅಂದ್ರು. ಇದೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ, ಡಿಸ್ಚಾರ್ಜ್ ಕಾರ್ಡ್ ಪೂರ್ತಿ ಇಂಗ್ಲಿಷ್, ಅದನ್ನು ಹಿಡ್ಕೊಂಡು ನಾನು ಎಂತ ಮಾಡುದಿತ್ತು?

ಆಫೀಸಿನವರ ಕಥೆ ಬೇರೆ. ಬುಕ್ ಮಾಡುವಾಗ ದಿನಕ್ಕೆ ಮೂರು ವಿಸಿಟ್ ಅಂದವರು ರಾತ್ರಿ ಹತ್ತರದ್ದಕ್ಕೆ ನೈಟ್ ಚಾರ್ಜ್ ಬೇರೆ ಅಂತ ಹೇಳಿದ್ದು ಮೊದಲ ಬಿಲ್ಲಲ್ಲಿ. ಸ್ವ್ಯಾಬ್, ಗ್ಲೌಸ್, ಸಿರಿಂಜಿಗೆ ಬೇರೆ ಬಿಲ್. ದುಡ್ಡಿನ ವಿಷ್ಯ ಆದ್ರೂ ಸಹಿಸ್ಬಹುದು, ಸಿಸ್ಟರ್ ರಜೆ ಇದ್ದ ಭಾನುವಾರ ಕಳಿಸಿದ ಬದಲಿ ಹುಡುಗನನ್ನು ಮಾತ್ರ ನಾನು ಮರೆಯುದಿಲ್ಲ. ತುದಿ ಉಜ್ಜದೆ, ಸಣ್ಣ 2 ಎಂಎಲ್ ಸಿರಿಂಜ್ ತೆಗೆದು ಸೀದಾ ಲೈನಿಗೆ ಹಾಕ್ಲಿಕ್ಕೆ ಬಂದ. ಸಣ್ಣ ಸಿರಿಂಜಲ್ಲಿ ಒತ್ತಡ ಜಾಸ್ತಿ ಬಿದ್ದು ಲೈನ್ ಒಡೀಬಹುದು ಅಂತ ಸಿಸ್ಟರ್ ಹೇಳಿದ್ದು ನೆನಪಿತ್ತು, ತಮ್ಮಾ ಸ್ವಲ್ಪ ನಿಲ್ಲು ಅಂದೆ, ಏನಾಗುದಿಲ್ಲ ಆಂಟಿ ಅಂದ, ಆಗುದಿಲ್ಲ ಅಂತ ಯಾರು ಹೇಳಿದ್ದು, ಈ ಲೈನ್ ಹೃದಯದ ಹತ್ರದ ತನಕ ಹೋಗಿದೆ, ಅಲ್ಲಿಗೆ ಕೊಳೆ ಹೋದ್ರೆ ಯಾರು ನೋಡುದು? ನಾನು ಹಾಕ್ಲಿಕ್ಕೇ ಬಿಡ್ಲಿಲ್ಲ, ಸಿಸ್ಟರಿಗೆ ಫೋನ್ ಮಾಡಿದೆ, ಪಾಪ ರಜೆಯಲ್ಲೂ ವಿಡಿಯೋ ಕಾಲಲ್ಲಿ ನಿಂತು ಅವನ ಕೈಯಲ್ಲಿ ಸರಿಯಾಗಿ ಮಾಡಿಸಿದ್ರು. ಆಫೀಸಿಗೆ ಕಂಪ್ಲೇಂಟ್ ಕೊಟ್ರೆ ನೋಡುವ ಮೇಡಂ ಅಂದ್ರು, ಈ ತನಕ ನೋಡಿದ್ದು ಕಾಣೆ.

ಹಾಗಾಗಿ ನೀವು ಬುಕ್ ಮಾಡುವಾಗ ಪಿಕ್ ಲೈನ್ ನೋಡಿಕೊಂಡ ಅನುಭವ ಉಂಟಾ ಅಂತ ಬರುವ ನರ್ಸನ್ನೇ ಕೇಳಿ, ಆಫೀಸಲ್ಲಿ ಕೇಳಿದ್ರೆ ಎಲ್ಲದಕ್ಕೂ ಹೌದು ಅಂತಾರೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ರಿಜಿಸ್ಟ್ರೇಷನ್ ಇದ್ದವರೇ ಬೇಕು, ಮನೆಯಲ್ಲಿ ಮಲಗಿದವರನ್ನು ನೋಡಿಕೊಳ್ಳುವ ಅಟೆಂಡರ್ ಇದಕ್ಕೆ ಆಗುದಿಲ್ಲ. ರಜೆ ದಿನ ಯಾರು ಬರ್ತಾರೆ, ಜೋರು ಮಳೆಗೆ ರಸ್ತೆ ಬಂದ್ ಆದ್ರೆ ಹೇಗೆ, ಇದನ್ನು ಮೊದಲೇ ಬಾಯಿ ಬಿಟ್ಟು ಕೇಳಿ.

ನಾಲ್ಕು ಸ್ಟಾರಿನ ದೊಡ್ಡ ಕಾರಣ ಲೈನ್ ತೆಗೆದ ಮೇಲೆ ಆದದ್ದು. ಇವರನ್ನು ಕೋಟ್ರೈಮಾಕ್ಸಜೋಲ್ ಮಾತ್ರೆಗೆ ಹಾಕಿದ್ರು, ಸೆಪ್ಟ್ರಾನ್ ಡಿಎಸ್ ಅಂತ ಬರ್ತದಲ್ಲ ಅದೇ, ಬೆಳಿಗ್ಗೆ ಎರಡು ರಾತ್ರಿ ಎರಡು, ಜೊತೆಗೆ ಫೋಲಿಕ್ ಆಸಿಡ್. ಸಿಸ್ಟರ್ ಆಗ ವಾರಕ್ಕೊಮ್ಮೆ ರಕ್ತ ತಗೊಳ್ಳಿಕ್ಕೆ ಮಾತ್ರ ಬರ್ತಿದ್ರು. ಒಂದು ದಿನ ಮೂಲೆಯಲ್ಲಿ ರಾಶಿ ಬಿದ್ದ ಬೊಂಡ (ಎಳನೀರು) ನೋಡಿ, ಇದೆಲ್ಲ ಅಂಕಲ್ ಕುಡೀತಾರಾ ಅಂತ ಕೇಳಿದ್ರು. ನಮ್ಮಲ್ಲಿ ಗೊತ್ತುಂಟಲ್ಲ, ಹುಷಾರಿಲ್ಲ ಅಂದ್ರೆ ಬರುವವರೆಲ್ಲ ಬೊಂಡ ತರುದು, ನಾನು ಶಕ್ತಿ ಬರಲಿ ಅಂತ ದಿನಾ ಕೆತ್ತಿ ಕೊಡ್ತಿದ್ದೆ. ಬಿಪಿಗೆ ಯಾವ ಮಾತ್ರೆ ಅಂತ ಡಬ್ಬಿ ತೆಗೆಸಿದ್ರು, ಟೆಲ್ಮಿಸಾರ್ಟನ್. ಈ ಆಂಟಿಬಯೋಟಿಕ್ ಪೊಟ್ಯಾಶಿಯಂ ಏರಿಸ್ತದೆ, ಬಿಪಿಯದ್ದೂ ಏರಿಸ್ತದೆ, ಬೊಂಡದಲ್ಲೂ ಅದೇ ತುಂಬಾ ಉಂಟು, ಮೂರೂ ಒಟ್ಟಿಗೆ ಆಗ್ಬಾರ್ದು ಅಂತ ಹೇಳಿ ಬೊಂಡ ಅಲ್ಲಿಗೇ ನಿಲ್ಲಿಸಿ, ರಕ್ತದ ರಿಪೋರ್ಟ್ ಆವತ್ತೇ ತರಿಸಿದ್ರು. ಪೊಟ್ಯಾಶಿಯಂ 5.8 ಬಂತು, ಐದರ ಒಳಗೆ ಇರ್ಬೇಕಾದದ್ದು. ಜಾಸ್ತಿ ಏರಿದ್ರೆ ಹೃದಯದ ಬಡಿತವೇ ತಪ್ತದೆ ಅಂತೆ. ಅವರೇ ಡಾಕ್ಟ್ರಿಗೆ ಫೋನ್ ಹಚ್ಚಿದ್ರು, ಇಸಿಜಿ ಮಾಡಿಸಿದ್ರು, ಬಿಪಿ ಮಾತ್ರೆ ಬದಲಾಯ್ತು. ರಕ್ತ ತಗೊಂಡು ಹೋಗುವುದಷ್ಟೇ ಅವರ ಡ್ಯೂಟಿ, ಮೂಲೆಯಲ್ಲಿದ್ದ ಬೊಂಡ ನೋಡ್ಬೇಕು ಅಂತ ಯಾವ ಪ್ಯಾಕೇಜಲ್ಲೂ ಬರೆದಿಲ್ಲ. ಆ ಹುಡುಗಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮೆಯೇ.

ಈಗ ಇವರು ಕುಚ್ಚಲಕ್ಕಿ ಗಂಜಿ ಹೊಟ್ಟೆ ತುಂಬಾ ಉಣ್ತಾರೆ, ತೂಕ ಏರ್ತಾ ಉಂಟು, ಗದ್ದೆ ಕಡೆ ಹೋದ್ರೆ ಗಂಬೂಟು ಹಾಕದೆ ಬಿಡುದಿಲ್ಲ ನಾನು. ಮಾತ್ರೆ ಇನ್ನೂ ಮುಗಿಲಿಲ್ಲ.

ಇದೇ ಏಜೆನ್ಸಿಯವರು ಮಂಚ, ಐವಿ ಸ್ಟ್ಯಾಂಡ್ ಬಾಡಿಗೆಗೂ ಕೊಡ್ತಾರೆ, ಅದು ತಗೊಳ್ಬೇಡಿ, ಸ್ಟ್ಯಾಂಡಿನ ಸ್ಕ್ರೂ ನಿಲ್ಲುದಿಲ್ಲ, ನಾವು ಕೊನೆಗೆ ಕಿಟಕಿ ಸರಳಿಗೆ ಕೊಕ್ಕೆ ಹಾಕಿ ಬಾಟಲಿ ನೇತು ಹಾಕಿದ್ದು. ನರ್ಸ್ ಸರ್ವಿಸ್ ಮಾತ್ರ ತಗೊಳ್ಳಿ, ಒಬ್ಬರೇ ಸಿಸ್ಟರ್ ಕೊನೆ ತನಕ ಬರ್ಬೇಕು ಅಂತ ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ.