ರೈಲು ಹಾರ್ನ್ ರಿಪೇರಿಗೆ ಕಳಿಸುವ ಮುಂಚೆ ಬೆಲ್ ನಂಬರ್ ನೋಡಿಕೊಳ್ಳಿ

ಅಮೆರಿಕದಲ್ಲಿದ್ದು ಹಳೇ ರೈಲು ಹಾರ್ನ್ ಕೂಡಿಡುವ ಕನ್ನಡಿಗರೇ, "ಹೊಸದರ ಹಾಗೆ ಮಾಡಿಕೊಡುತ್ತೇವೆ" ಅನ್ನುವ ಅಂಗಡಿಗೆ ಹಾರ್ನ್ ಕಳಿಸುವ ಮುಂಚೆ ಇದನ್ನು ಓದಿ. ನನ್ನ ನೇಥನ್ ಏರ್‌ಚೈಮ್ ಕಂಪನಿಯ ಕೆ5ಎಲ್ಎ ಹಾರ್ನ್ ಅಂಥ ಒಂದು ಕಡೆ ಹೋಗಿ ಫಳಫಳ ಹೊಳೆಯುತ್ತಾ ವಾಪಸ್ ಬಂತು. ಒಳಗೆ ಮಾತ್ರ ಹಾಳಾಗಿತ್ತು. ಒಂದು ಬೆಲ್ (ಹಾರ್ನಿನ ಕಹಳೆಯಂಥ ಕೊಳವೆ, ಒಂದೊಂದಕ್ಕೂ ಒಂದೊಂದು ಸ್ವರ) ಕದ್ದೂ ಇದ್ದರು.

ಡೀಸೆಲ್ ಇಂಜಿನ್‌ಗಳ ಒಂಟಿ ಸ್ವರದ ಹಾರ್ನ್ ಕೇಳಿ ಜನ ಲಾರಿ ಅಂದುಕೊಳ್ಳುತ್ತಿದ್ದರು. ಅದಕ್ಕೇ ಕೆನಡಾದ ರಾಬರ್ಟ್ ಸ್ವಾನ್ಸನ್, ಹಬೆ ಇಂಜಿನ್ನಿನ ಸಿಳ್ಳೆಯಂತೆ ಹಲವು ಸ್ವರ ಒಟ್ಟಿಗೆ ಕೂಗುವ ಹಾರ್ನ್ ಮಾಡಿದರು. ಆಮೇಲೆ 1970ರ ದಶಕದಲ್ಲಿ ಅಮೆರಿಕದ ಪ್ರಯಾಣಿಕರ ರೈಲು ಸಂಸ್ಥೆ ಆಮ್‌ಟ್ರಾಕ್‌ಗಾಗಿ ಶ್ರುತಿ ಬದಲಾಗಿ ಕೆ5ಎಲ್ಎ ಬಂತು. ಕೆ5ಎಲ್ಎಯ ಐದು ಬೆಲ್ ಸುಮಾರು 311, 370, 415, 494, 622 ಹರ್ಟ್ಸ್‌ನಲ್ಲಿ ನುಡಿಯುತ್ತವೆ. 494 ಅನ್ನು ಷಡ್ಜ ಅಂತ ಇಟ್ಟುಕೊಂಡರೆ ಕೆಳಗಿನಿಂದ ಗ, ಪ, ದ, ಸ, ಗ. ಕೇಳಿದರೆ ಮೈ ಜುಮ್ಮೆನ್ನುವುದು ಸುಮ್ನೆ ಅಲ್ಲ.

ವಾಪಸ್ ಬಂದ ಹಾರ್ನಿಗೆ ಗಾಳಿ ಕೊಟ್ಟರೆ ಅಪಸ್ವರ. ಒಂದೊಂದೇ ಬೆಲ್ ನುಡಿಸಿ ಫೋನಿನ ಟ್ಯೂನರ್‌ನಲ್ಲಿ ನೋಡಿದೆ. ನಾಲ್ಕು ಸರಿಯಾಗಿದ್ದವು. 494 ಬರಬೇಕಾದದ್ದು 520 ದಾಟಿತ್ತು. ಷಡ್ಜದ ಜಾಗದಲ್ಲಿ ಶುದ್ಧ ರಿಷಭ! ಅಲ್ಲಿ ಇರಬೇಕಾದದ್ದು 4ಎ ನಂಬರಿನ ಬೆಲ್. ನಂಬರ್ ಎರಕದಲ್ಲೇ ಮೂಡಿರುತ್ತದೆ. ಆ ಜಾಗ ಸವರಿದರೆ ಬೆರಳಿಗೆ ತಗ್ಗು ಸಿಕ್ಕಿತು. ಅಂಕಿಯನ್ನು ಗ್ರೈಂಡರ್‌ನಲ್ಲಿ ಉಜ್ಜಿ, ಮೇಲೆ ದಪ್ಪಗೆ ಬಣ್ಣ ಬಳಿದಿದ್ದರು. ನನ್ನ 4ಎ ಇಟ್ಟುಕೊಂಡು ಬರೀ 4 ಅನ್ನುವ ನಂಬರಿನ ಬೆಲ್ ಹಾಕಿದ್ದರು. ಅದು ಚೂರು ಗಿಡ್ಡ, ದೂರದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಕೇಳಿದ್ದಕ್ಕೆ "ಚಳಿಗೆ ಶ್ರುತಿ ಹೋಗುತ್ತೆ ಸಾರ್" ಅನ್ನುವ ಧಾಟಿಯ ಉತ್ತರ ಬಂತು. ಈ ಮಾತು ನಂಬಬೇಡಿ. ಚಳಿಗೆ ಸ್ವರ ಇಳಿಯುವುದು ನಿಜ, ಆದರೆ ಎಲ್ಲ ಬೆಲ್ಲೂ ಒಟ್ಟಿಗೆ ಇಳಿಯುತ್ತವೆ. ಒಂದೇ ಬೆಲ್ ಮೇಲಕ್ಕೆ ಹೋದರೆ ಅದು ಚಳಿಯ ಕೆಲಸ ಅಲ್ಲ.

ಇದಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಬೆಲ್ಲುಗಳ ಹಿಂದಿನ ಮುಚ್ಚಳ ಬಿಚ್ಚಿದಾಗ. ಅಲ್ಲಿ ಡಯಾಫ್ರಮ್ ಅನ್ನುವ ತೆಳು ಬಿಲ್ಲೆ, ನಾಜಲ್ (ಬೆಲ್ಲಿನೊಳಗೆ ಗಾಳಿ ಹೋಗುವ ಬಾಯಿ) ಅಂಚಿಗೆ ಅಂಟಿ ಕೂತಿರುತ್ತದೆ. ಗಾಳಿ ಒತ್ತಿದರೆ ಚೂರು ಏಳುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಒತ್ತಡ ಇಳಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ. ಆ ಅಂಚು ಕನ್ನಡಿಯಷ್ಟು ಸಮ ಇರಬೇಕು. ಇವರು ಬೆಲ್ಟ್ ಸ್ಯಾಂಡರ್ (ಉಜ್ಜುವ ಯಂತ್ರ) ಹಿಡಿದು ಓರೆ ಮಾಡಿದ್ದರು. ಮೊದಲ ಬೆಲ್ ಉಸ್ ಅಂತ ಗಾಳಿ ಸೋರಿಸಿ, ಒತ್ತಡ ಜಾಸ್ತಿ ಮಾಡಿದ ಮೇಲೆ ಕಷ್ಟಪಟ್ಟು ಕೂಗುತ್ತಿತ್ತು. ಎಲ್ಲ ಬೆಲ್ಲಿಗೂ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ, ಹಳೇ ಬಣ್ಣ ತೆಗೆಯಲು ಹೊಡೆದ ಬ್ಲಾಸ್ಟಿಂಗ್ ಮರಳು ಹಾಗೇ ಉಳಿದಿತ್ತು. ಗಾಳಿ ಬಿಟ್ಟಾಗ ಅದೆಲ್ಲ ಹೋಗಿ ಕೂರುವುದು ಡಯಾಫ್ರಮ್ ಮೇಲೆಯೇ ಅಲ್ವಾ?

ಕಳಿಸುವ ಮುಂಚೆ ಪ್ರತಿ ಬೆಲ್ಲಿನ ನಂಬರ್, ನಾಜಲ್ ಅಂಚು ಹತ್ತಿರದಿಂದ ಫೋಟೋ ತೆಗೆಯಿರಿ. ಒಂದೊಂದೇ ಬೆಲ್ ನುಡಿಸಿ ರೆಕಾರ್ಡ್ ಮಾಡಿ, ಅವತ್ತಿನ ಬಿಸಿಲು ಚಳಿ ಎಷ್ಟಿತ್ತು ಅಂತಲೂ ಬರೆದಿಡಿ. ಕಿವಿಗೆ ರಕ್ಷಣೆ ಬೇಕೇ ಬೇಕು: ಇಲ್ಲಿನ ನಿಯಮದ ಪ್ರಕಾರ ಇಂಜಿನ್ ಹಾರ್ನ್ 100 ಅಡಿ ದೂರದಲ್ಲೇ 96ರಿಂದ 110 ಡೆಸಿಬೆಲ್ ಇರುತ್ತದೆ. ನಾಜಲ್ ಮುಟ್ಟಬಾರದು, ಅಲ್ಲಿ ಬಣ್ಣವೂ ಬೀಳಬಾರದು ಅಂತ ಬಿಲ್ಲಿನಲ್ಲೇ ಬರೆಸಿ.

ಅಂಗಡಿಯವರು ಅರ್ಧ ದುಡ್ಡು ವಾಪಸ್ ಕೊಟ್ಟರು, ಬೆಲ್ ಕೊಡಲಿಲ್ಲ. 4ಎ ಬೆಲ್ ಒಂದನ್ನೇ ಬಿಡಿಯಾಗಿ ಮಾರುವವರು ಯಾರಾದರೂ ನಿಮಗೆ ಗೊತ್ತಿದ್ದರೆ ತಿಳಿಸಿ. ನಂಬರ್ ಉಜ್ಜಿದ್ದು ಬೇಡ.