ಬೀದರ್ ಗಿರಣಿಯ ಅರಿಶಿಣ ಪುಡಿ: ಎರಡು ತಿಂಗಳು ಬಳಸಿದ ಮೇಲೆ

ಬೀದರ್‌ನ ಚೌಬಾರಾ ಗೋಪುರದಿಂದ ಸ್ವಲ್ಪ ದೂರದ ಗಲ್ಲಿಯೊಂದರಲ್ಲಿ, ಗಿರಾಕಿಯ ಕಣ್ಣೆದುರಿಗೇ ಅರಿಶಿಣ ಕೊಂಬು ಬೀಸಿಕೊಡುವ ಸಣ್ಣ ಗಿರಣಿಯಿದೆ. ಎರಡು ತಿಂಗಳ ಹಿಂದೆ ಅಲ್ಲಿ ಅರ್ಧ ಕಿಲೋ ಬೀಸಿಸಿಕೊಂಡೆ. “ಒಂದ್ ಕೊಂಬು ಮುರ್ದು ನೋಡ್ರಿ, ಆಮ್ಯಾಲ ತೂಕ ಹಾಕ್ತೀನಿ” ಎಂದು ಗಿರಣಿಯವರೇ ಕೊಂಬು ಕೈಗಿಟ್ಟರು. ಅದು ಬಾಗದೆ ಟಕ್ಕನೆ ಮುರಿಯಿತು. ಒಳಗೆ ಕಡು ಕಿತ್ತಳೆ ಬಣ್ಣವಿತ್ತು. ಹೊರಮೈ ಮಾತ್ರ ಮಿರಮಿರ ಹೊಳೆಯುವ ಕೊಂಬನ್ನು ನಾನು ಕೊಳ್ಳುವುದಿಲ್ಲ, ಏಕೆಂದರೆ ಹೊಳಪಿಗಾಗಿ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುವ ಕಲಬೆರಕೆ ನಮ್ಮ ದೇಶದಲ್ಲಿ ಕಂಡುಬಂದಿದೆ, ಮತ್ತು ಸೀಸವು ಮಕ್ಕಳ ಮೆದುಳಿಗೆ ಹಾನಿಕರ.

ಪುಡಿಯ ಗುಣದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಘಮ ಇನ್ನೂ ಉಳಿದಿದೆ, ಸಾರಿಗೆ ಮೊದಲು ಹಾಕುತ್ತಿದ್ದುದರ ಅರ್ಧದಷ್ಟೇ ಸಾಕಾಗುತ್ತದೆ. ನನ್ನ ಆಕ್ಷೇಪವಿರುವುದು ಅಂಗಡಿಯ ಗೋಡೆಗೆ ತೂಗುಹಾಕಿದ ಫಲಕದ ಬಗ್ಗೆ. ದಿನಕ್ಕೊಂದು ಚಮಚ ಅರಿಶಿಣ ನೀರಿನಲ್ಲಿ ಕುಡಿದರೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎರಡೂ ಹೋಗುತ್ತವೆ ಎಂದು ಅದರಲ್ಲಿ ಬರೆದಿದೆ. ಇದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟಾರೆಂಬ ಭಯ ನನಗಿದೆ.

ಅರಿಶಿಣದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಪುಡಿಯಲ್ಲಿ ಸುಮಾರು ನೂರಕ್ಕೆ 3 ಭಾಗದಷ್ಟಿರುತ್ತದೆ. ಅಂದರೆ 3 ಗ್ರಾಂ ತೂಗುವ ಒಂದು ಚಮಚದಲ್ಲಿ 90 ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಅದು ನೀರಿನಲ್ಲಿ ಬಹುತೇಕ ಕರಗುವುದಿಲ್ಲ, ಕರುಳಿನಿಂದ ಒಳಗೆ ಸೇರಿದ ಅಲ್ಪ ಭಾಗವನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇಗನೆ ರೂಪಾಂತರಿಸಿ ಹೊರಹಾಕುತ್ತವೆ. 1998ರಲ್ಲಿ ಪ್ರಕಟವಾದ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಸೇವಿಸಿದವರ ರಕ್ತದಲ್ಲಿ ಅದು ಪತ್ತೆಯಾಗಲಿಲ್ಲ, ಇಲ್ಲವೇ ಅತ್ಯಲ್ಪವಾಗಿತ್ತು. ಜೊತೆಗೆ ಕರಿಮೆಣಸಿನ ಖಾರದ ಸತ್ವವಾದ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಅದರ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಪ್ರಮಾಣ, ಶೇಕಡಾ 2000ರಷ್ಟು ಏರಿತು. ಅಷ್ಟು ಪೈಪರೀನ್‌ಗೆ ಹತ್ತು ಕಾಳು ಮೆಣಸು ಸಾಕಾದೀತು, ಆದರೆ 2 ಗ್ರಾಂ ಕರ್ಕ್ಯುಮಿನ್‌ಗೆ ಈ ಪುಡಿ 60 ಗ್ರಾಂಗಿಂತ ಹೆಚ್ಚು ಬೇಕು. ಅಷ್ಟನ್ನು ಒಂದು ದಿನದಲ್ಲಿ ತಿನ್ನುವವರು ಯಾರು?

ಆದುದರಿಂದ ನಾನು ಈ ಪುಡಿಯನ್ನು ಔಷಧವೆಂದಲ್ಲ, ಊಟವೆಂದೇ ಬಳಸುತ್ತಿದ್ದೇನೆ. ಕರ್ಕ್ಯುಮಿನ್ ಕೊಬ್ಬಿನಲ್ಲಿ ಕರಗುವುದರಿಂದ, ತೊಗರಿ ಬೇಳೆಗೆ ಒಗ್ಗರಣೆ ಹಾಕುವಾಗ ಎಣ್ಣೆ ಕಾದ ಮೇಲೆ ಉರಿ ತಗ್ಗಿಸಿ ಅರಿಶಿಣ ಹಾಕಿ, ಕೊನೆಗೆ ಕುಟ್ಟಿದ ಮೆಣಸು ಉದುರಿಸುತ್ತೇನೆ. ನಮ್ಮ ಅವ್ವ ಯಾವ ಅಧ್ಯಯನವನ್ನೂ ಓದದೆ ಮಾಡುತ್ತಿದ್ದ ಕ್ರಮವೇ ಇದು.

ಗಿರಣಿಯ ಗಲ್ಲಾಪೆಟ್ಟಿಗೆಯ ಮೇಲೆ ಪೈಪರೀನ್ ಸೇರಿಸಿದ ಅರಿಶಿಣದ ಕ್ಯಾಪ್ಸೂಲ್‌ಗಳೂ ಇದ್ದವು. ಅವನ್ನು ನಾನು ಕೊಳ್ಳಲಿಲ್ಲ. ಪೈಪರೀನ್ ಬೇರೆ ಕೆಲವು ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಹೆಚ್ಚಿಸಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಇಂಥವನ್ನು ತೆಗೆದುಕೊಳ್ಳಬಾರದು. ಹೆಚ್ಚು ಹೀರಿಕೆಯಾಗುವ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳೂ ವರದಿಯಾಗಿವೆ.

ಇನ್ನೊಂದು ಕೊರತೆಯಿದೆ. ಮೊದಲೇ ಬೀಸಿಟ್ಟ ಪುಡಿಯನ್ನು ಗಾಜಿನ ಭರಣಿಯಲ್ಲಿ ಬಿಸಿಲು ಬೀಳುವ ಜಾಗದಲ್ಲೇ ಇಡುತ್ತಾರೆ, ಬೆಳಕಿಗೆ ಕರ್ಕ್ಯುಮಿನ್ ಕೆಡುತ್ತದೆ. ಆ ಪುಡಿ ಕೊಳ್ಳಬೇಡಿ. ಕೊಂಬನ್ನೇ ಆರಿಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ ಒಯ್ದು, ಬೀಸಿದ ಪುಡಿ ಆರಿದ ಮೇಲೆ ತುಂಬಿಸಿಕೊಳ್ಳಿ. ನಾನು ಮುಂದಿನ ತಿಂಗಳು ಮತ್ತೆ ಹೋಗುವೆ, ಆ ಫಲಕ ಇಳಿಸುವಂತೆ ಇನ್ನೊಮ್ಮೆ ಹೇಳುವೆ.