ಮೂರು ಡಬ್ಬಿ, ಒಂದು ಮುಖ, ಡೊಂಬಿವಲಿಯ ಸೆಕೆ

ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ಸಂಜೆಯ ಲೋಕಲ್ ರೈಲು ಹಿಡಿದು ಡೊಂಬಿವಲಿಯಲ್ಲಿ ಇಳಿಯುವ ಹೊತ್ತಿಗೆ ನನ್ನ ಮೂಗಿನ ಮೇಲೆ ಹಪ್ಪಳ ಕರಿಯುವಷ್ಟು ಎಣ್ಣೆ ಕೂಡಿರುತ್ತದೆ. ಕೆನ್ನೆ ಮಾತ್ರ ಇಡೀ ದಿನ ಕಚೇರಿಯ ಏಸಿಯಲ್ಲಿ ಕುಳಿತು ಒಣಗಿರುತ್ತದೆ. ಈ ಎರಡು ಬುದ್ಧಿಯ ಮುಖಕ್ಕೆಂದು ಒಂದು ವರ್ಷದಲ್ಲಿ ಮೂರು ಬಗೆಯ ಕೊರಿಯನ್ ಟೋನರ್ ಪ್ಯಾಡುಗಳನ್ನು ಬಳಸಿ ನೋಡಿದೆ. ಪ್ಯಾಡ್ ಎಂದರೆ ದೊಡ್ಡ ಸಂಗತಿಯೇನಲ್ಲ, ಟೋನರಿನಲ್ಲಿ, ಅಂದರೆ ಮುಖ ತೊಳೆದ ಮೇಲೆ ಹಚ್ಚುವ ನೀರಿನಂಥ ದ್ರವದಲ್ಲಿ, ನೆನೆಸಿಟ್ಟ ಬಿಲ್ಲೆ, ಅಷ್ಟೇ. ಬಾಟಲಿ ಟೋನರಿಗೆ ಹತ್ತಿ ಹಿಡಿದು ಸುರಿದುಕೊಳ್ಳುವುದು ಅಗ್ಗ, ಒಪ್ಪುತ್ತೇನೆ. ಆದರೆ ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವವಳಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

ಮೊದಲು ತಂದದ್ದು ಆಮ್ಲದ ಪ್ಯಾಡ್. ಲ್ಯಾಕ್ಟಿಕ್ ಮತ್ತು ಸ್ಯಾಲಿಸಿಲಿಕ್ ಎರಡೂ ಇದ್ದವು. ಲ್ಯಾಕ್ಟಿಕ್ ಆಮ್ಲ ನೀರಿನಲ್ಲಿ ಕರಗುವಂಥದ್ದು, ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನು ಸಡಿಲಿಸುತ್ತದೆ. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುತ್ತದೆ, ಆದ್ದರಿಂದ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿಯಬಲ್ಲದು. ಮೂರನೆಯ ದಿನಕ್ಕೇ ಮೂಗಿನ ಕಪ್ಪು ಚುಕ್ಕಿಗಳು ಮಸುಕಾದದ್ದು ಕಂಡು ನನಗೆ ಆಸೆ ಹುಟ್ಟಿತು. ದಿನಾ ರಾತ್ರಿ, ಅದೂ ಉಬ್ಬುಗಳಿರುವ ಒರಟು ಬದಿಯಿಂದ, ಪಾತ್ರೆ ತಿಕ್ಕಿದಂತೆ ತಿಕ್ಕಿದೆ. ಒಂಬತ್ತನೆಯ ದಿನ ಸಾರಿನ ಹಬೆ ತಗುಲಿದರೂ ಕೆನ್ನೆ ಉರಿಯತೊಡಗಿತು. ಡಬ್ಬಿಯ ಹೆಸರು ಹೇಳುವುದಿಲ್ಲ, ಅರ್ಧಕ್ಕಿಂತ ಹೆಚ್ಚು ತಪ್ಪು ನನ್ನದೇ. ಲ್ಯಾಕ್ಟಿಕ್‌ನಂಥ ಆಮ್ಲ ಬಳಸಿದ ಚರ್ಮ ಬಿಸಿಲಿಗೆ ಬೇಗ ಸೋಲುತ್ತದೆ ಎಂಬುದನ್ನು ಓದಿಕೊಂಡೂ ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚದೆ ಪ್ಲಾಟ್‌ಫಾರ್ಮಿನಲ್ಲಿ ನಿಂತವಳು ನಾನು.

ಎರಡನೆಯದು ಅನುವಾ ಕಂಪನಿಯ ಹಾರ್ಟ್‌ಲೀಫ್ 77. ಹಾರ್ಟ್‌ಲೀಫ್ ಎಂಬುದು ಹೃದಯದಾಕಾರದ ಎಲೆಯ ಗಿಡ, ಅದಕ್ಕೆ ಕೊರಿಯನ್ ಭಾಷೆಯಲ್ಲಿ ‘ಮೀನಿನ ವಾಸನೆಯ ಸೊಪ್ಪು’ ಎಂಬರ್ಥದ ಹೆಸರಿದೆ. ಮೇಘಾಲಯದ ಖಾಸಿ ಜನ ಇದನ್ನೇ ಚಟ್ನಿ ಮಾಡಿ ಉಣ್ಣುತ್ತಾರೆ. ಪ್ಯಾಡಿನಲ್ಲಿ ಮೀನಿನ ವಾಸನೆ ಬರಲಿಲ್ಲ. ಹಗುರ, ನೀರಿನಂತೆ ಇಳಿಯುತ್ತದೆ, ಅಂಟುವುದಿಲ್ಲ. ಜುಲೈ ತಿಂಗಳ ಮುಂಬೈಯಲ್ಲಿ ‘ಅಂಟುವುದಿಲ್ಲ’ ಎಂಬುದಕ್ಕಿಂತ ದೊಡ್ಡ ಹೊಗಳಿಕೆ ನನ್ನಲ್ಲಿಲ್ಲ. ಮಳೆಗಾಲ ಪೂರ್ತಿ ಇದರಲ್ಲೇ ಕಳೆಯಿತು.

ಮೂರನೆಯದು ಮೆಡಿಹೀಲ್‌ನ ಮ್ಯಾಡೆಕಾಸೊಸೈಡ್ ಪ್ಯಾಡ್, ಒಂದು ಡಬ್ಬಿಗೆ ನೂರು. ಬಾಯಿ ತಿರುಗದ ಹೆಸರು. ಅದೇನೆಂದು ಹುಡುಕಿದರೆ, ಸೆಂಟೆಲಾ ಏಷ್ಯಾಟಿಕಾ ಎಂಬ ಗಿಡದಲ್ಲಿರುವ ವಸ್ತು. ಸೆಂಟೆಲಾ ಎಂದರೆ ಒಂದೆಲಗ! ಅತ್ತೆ ಉಡುಪಿ ಕಡೆಯವರು. ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಇಟ್ಟಿದ್ದ ಡಬ್ಬಿಯನ್ನು ತೋರಿಸಿ ವಿಷಯ ಹೇಳಿದೆ. “ತಿಮರೆಗೆ ಇಷ್ಟು ದುಡ್ಡು ಕೊಟ್ಟೆಯಾ? ಊರಿನಲ್ಲಿ ಬಾವಿಕಟ್ಟೆಯ ಸುತ್ತ ಮೆಟ್ಟಿಕೊಂಡು ಓಡಾಡುತ್ತಿದ್ದೆವು” ಎಂದರು. ಅವರ ಲೆಕ್ಕದಲ್ಲಿ ಅದು ತಂಬುಳಿಯಾಗಿ ಹೊಟ್ಟೆಗೆ ಹೋಗಬೇಕಾದದ್ದು. ತಂಬುಳಿಯನ್ನು ಮುಖಕ್ಕೆ ಹಚ್ಚಿಕೊಂಡು ಲೋಕಲ್ ಹತ್ತಲಾಗುವುದಿಲ್ಲ ಎಂದು ನಾನು ವಾದಿಸಿದೆ. ವಾದ ಇನ್ನೂ ಮುಗಿದಿಲ್ಲ.

ಆದರೂ ಹಾಳಾಗಿದ್ದ ಕೆನ್ನೆಗೆ ನೆಮ್ಮದಿ ಕೊಟ್ಟದ್ದು ಇದೇ. ಇದನ್ನು ಉಜ್ಜುವುದಿಲ್ಲ. ಕೆನ್ನೆಗೆ ಒಂದೊಂದರಂತೆ ಅಂಟಿಸಿ, ಏಳೆಂಟು ನಿಮಿಷ ಬಿಟ್ಟು, ಒಣಗುವ ಮೊದಲೇ ತೆಗೆದು, ಮೇಲೆ ತೆಳುವಾಗಿ ಕ್ರೀಮ್ ಹಚ್ಚುತ್ತೇನೆ. ಫ್ರಿಜ್ಜಿನ ತಂಪು ಇದ್ದರೆ ಇನ್ನೂ ಹಿತ. ಹಾರ್ಟ್‌ಲೀಫ್‌ಗೂ ಇದಕ್ಕೂ ನೇರ ಜಟಾಪಟಿ ಇಟ್ಟರೆ, ಎಣ್ಣೆ ಮುಖದವರು ಅದನ್ನು, ಒಣಗಿ ಕೆಂಪಾಗುವ ಮುಖದವರು ಇದನ್ನು ಕೊಳ್ಳಲಿ. ನನ್ನ ಹಣ ಈಗ ಮೂರನೆಯದಕ್ಕೆ.

ಆಮ್ಲದ ಡಬ್ಬಿಯನ್ನು ಎಸೆಯಲಿಲ್ಲ. ವಾರಕ್ಕೆ ಎರಡು ರಾತ್ರಿ, ನಯವಾದ ಬದಿಯಿಂದ, ಮೂಗು ಮತ್ತು ಗದ್ದಕ್ಕೆ ಮಾತ್ರ. ವಿಟಮಿನ್ ಎ ಬಗೆಯ ರೆಟಿನಾಲ್ ಹಚ್ಚುವ ರಾತ್ರಿ ಅದನ್ನು ಮುಟ್ಟುವುದಿಲ್ಲ. ಇಲ್ಲೊಂದು ಲೆಕ್ಕ ಬರುತ್ತದೆ. 70 ಪ್ಯಾಡುಗಳನ್ನು ವಾರಕ್ಕೆರಡರಂತೆ ಬಳಸಿದರೆ 35 ವಾರ ಬೇಕು. ಡಬ್ಬಿಯ ಮೇಲೆ ಅಚ್ಚಾದ, ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರದೊಳಗೆ 6 ಎಂದು ಬರೆದಿದ್ದರೆ ಮುಚ್ಚಳ ತೆರೆದ ಆರು ತಿಂಗಳೊಳಗೆ ಮುಗಿಸಬೇಕು, ಅಂದರೆ ಸುಮಾರು 26 ವಾರ. ಹಾಗಾಗಿ ನಾದಿನಿಯನ್ನೂ ಪಾಲುದಾರಳನ್ನಾಗಿ ಮಾಡಿಕೊಂಡೆ. ಷರತ್ತು ಒಂದೇ: ಬೆರಳು ಹಾಕಕೂಡದು, ಇಕ್ಕಳದಿಂದಲೇ ತೆಗೆಯಬೇಕು. ಅವಳು ಮೊದಲು ಕಿವಿಯ ಹಿಂದೆ ಹಚ್ಚಿ, ಉರಿಯುತ್ತದೆಯೇ ಎಂದು ಎರಡು ದಿನ ಕಾದಳು, ನನಗಿಂತ ಜಾಣೆ.

ಯಾವ ಪ್ಯಾಡೂ ಫೇಸ್‌ವಾಶಿನ ಬದಲಿಯಲ್ಲ. ಸನ್‌ಸ್ಕ್ರೀನ್, ಬೆವರು, ರೈಲಿನ ಧೂಳು ಮೊದಲು ತೊಳೆದು ಹೋಗಬೇಕು. ಇನ್ನು, ರಸವೆಲ್ಲ ತಳಕ್ಕಿಳಿದು ಮೇಲಿನ ಬಿಲ್ಲೆಗಳು ಒಣಗುವ ಚಾಳಿ ಮೂರರಲ್ಲೂ ಇದೆ. ಮುಚ್ಚಳ ಬಿಗಿ ಮಾಡಿ ಒಂದು ಗಳಿಗೆ ತಲೆಕೆಳಗಾಗಿ ಇಟ್ಟರೆ ಸರಿಹೋಗುತ್ತದೆ. ಕೊನೆಗೆ ಉಳಿಯುವ ರಸ ನನ್ನ ಮೊಣಕೈಗೆ. ಮೊನ್ನೆ ಒಂದೆಲಗದ ಡಬ್ಬಿ ಮುಗಿದಾಗ ಮಾತ್ರ, ತಳದ ರಸವನ್ನು ಅತ್ತೆ ತಮ್ಮ ಒಡೆದ ಹಿಮ್ಮಡಿಗೆ ಕೇಳಿ ಪಡೆದರು.